ಒಂದು ತಿಂಗಳು ತಡವಾಗಿ

"ನಿಮ್ಮ ಮನೆಗೆ ಯಾವ ಪೇಪರ್ ಬರುತ್ತಮ್ಮ?"
ಮೊದಲ ದಿನ ಮೇಷ್ಟ್ರು ಕೇಳಿದರು.
ಎಲ್ಲವೂ ಸರ್, ಅಂದೆ,
ಒಂದು ತಿಂಗಳು ತಡವಾಗಿ.
ಕ್ಲಾಸು ನಕ್ಕಿತು. ನಾನೂ.

ಜಾಲಿ ಮೊಹಲ್ಲಾದ ನಮ್ಮ ರದ್ದಿ ಮಳಿಗೆಗೆ
ಬಿದ್ದ ಸರ್ಕಾರಗಳು ಬರುತ್ತವೆ
ಸೆಣಬಿನ ದಾರದಲ್ಲಿ ಕಟ್ಟಿಸಿಕೊಂಡು.
ಅಬ್ಬಾಗೆ ಓದು ಬಾರದು. ಆದರೂ
ಕೈಯಲ್ಲಿ ಹಿಡಿದರೆ ಸಾಕು, ಹೇಳುತ್ತಾರೆ:
ಇದು ಇಂಗ್ಲಿಷು, ಕಿಲೋಗೆ ಎರಡು ರೂಪಾಯಿ ಜಾಸ್ತಿ;
ಇದು ಕನ್ನಡ, ಮಳೆಗೆ ನೆಂದದ್ದು,
ತೂಕಕ್ಕೆ ಮೋಸ.

ರಾತ್ರಿ ಲಾರಿ ಬರುವ ತನಕ ಅವೆಲ್ಲ ನನ್ನವು.
ಕಟ್ಟಿನ ಮೇಲೆ ಕೂತು ಓದಿದರೆ ಬೈಗುಳ:
ಅಕ್ಷರದ ಮೇಲೆ ಕೂರ್ತಾರೇನೇ?
ಹಬ್ಬದ ಪುರವಣಿ ಸಿಕ್ಕರೆ
ಗಣಪತಿಯೋ, ಮೆಕ್ಕಾವೋ, ಮೇರಿಯಮ್ಮನೋ,
ಬಿಡಿಸಿ, ಮಡಿಸಿ, ಗೂಡಿನ ಚೀಲದೊಳಗೆ.
ಮಿಲ್ಲಿಗೆ ಹೋಗಬಾರದ್ದು ಅದು.

ಹೋದ ವಾರ ಕಾಲೇಜಿನ ಪತ್ರಿಕೆಯಲ್ಲಿ
ಹನ್ನೊಂದು ಸಾಲು ಬಂತು: ನಮ್ಮ ಗಲ್ಲಿಯ ನಲ್ಲಿ,
ಒಂಬತ್ತು ದಿನದಿಂದ ಒಣಗಿದ್ದು.
ಕೆಳಗೆ ನನ್ನ ಹೆಸರು. ಮುಬಿನಾ.
ಬೀಯ ದೀರ್ಘ ಎಲ್ಲೋ ಬಿದ್ದುಹೋಗಿತ್ತು.

"ಎಲ್ಲಿ?" ಅಂದರು. ಬೆರಳಿಟ್ಟು ತೋರಿಸಿದೆ.
ತಕ್ಕಡಿಯ ಮೇಲಿಟ್ಟರು, ಅಭ್ಯಾಸಬಲ.
ಮುಳ್ಳು ಅಲುಗಲಿಲ್ಲ.
ಆಮೇಲೆ ಗೂಡಿನ ಕಡೆ ನೋಡಿದರು.
ಬೇಡ ಅಬ್ಬಾ, ಅಂದೆ,
ಇದು ಲಾರಿಗೇ ಹೋಗಲಿ,
ಇನ್ಷಾ ಅಲ್ಲಾ, ಇನ್ನೂ ಬರುತ್ತವೆ
ಕಿಲೋಗಟ್ಟಲೆ.

ನಲ್ಲಿಗೆ ನೀರು ಇನ್ನೂ ಬಂದಿಲ್ಲ.
ನಾಳೆ ಮತ್ತೆ ಹೋಗಿ ಕೇಳಬೇಕು
ಜಲಮಂಡಳಿಯ ಇಂಜಿನಿಯರನ್ನು,
ದೀರ್ಘ ಸಮೇತ ಹೆಸರು ಹೇಳಿ.