ಇತರೆ

ಮುಂಬೈ ಲಾರಿ ಸೋಮವಾರ ನಸುಕಿನ್ಯಾಗ ಬರತೈತಿ.
ಬನಹಟ್ಟಿಯ ನಮ್ಮ ಓಣಿಯೊಳಗ ಅದು ಹೊಳ್ಳೂದಿಲ್ಲ,
ಹಂಗಾಗಿ ದೊಡ್ಡ ರಸ್ತೇದಾಗ ಇಳಿಸಿ
ಕೈಗಾಡಿ ಮ್ಯಾಲ ದೂಡಕೊಂಡ ಬರತೀವಿ
ಹನ್ನೆರಡು ಪೆಟ್ಟಿಗಿ, ಒಂದೊಂದೂ ಬೀಸುಕಲ್ಲಿನಷ್ಟು ಭಾರ.
ಹೊಸಾವು ಇದ್ದಾಗ ಎರಡೆರಡು ಲಕ್ಷ ಎಣಿಸಿದ ಕಂಪ್ಯೂಟರು.
ಇಲ್ಲಿ ಅವಕ್ಕ ಒಂದ ಹೆಸರು: ವಾಪಸ್ ಮಾಲು.

ತಿರುಪು ಬಿಚ್ಚಾಂವ ನಾನು.
ಧೂಳು ಊದತೀನಿ, ಹಳೆ ಪೇಸ್ಟ್ ಒರಸಿ ಹೊಸಾದು ಹಚ್ಚತೀನಿ,
ಅಂಟಿಸಿದ ಚೀಟಿ ಓದತೀನಿ.
'ಬಾಳ ಬಿಸಿ ಆಗತೈತಿ' ಅಂತ ಬರದಾರ.
ಫ್ಯಾನಿನ ರೆಕ್ಕಿ ಮ್ಯಾಲ ನೋಡಿದ್ರ
ಒಂದು ಎಳಿ ಧೂಳಿಲ್ಲ.
ಬಿಸಿ ಆದದ್ದು ಇದಲ್ಲ,
ಕಂತಿನ ಮೆಸೇಜು ಬಂದ ಫೋನು.
ಇನ್ನೊಂದರ ಮುಚ್ಚಳದ ಮ್ಯಾಲ
ಯಾವದೋ ಕೂಸು ಹಚ್ಚಿದ ಚುಕ್ಕಿ ಸ್ಟಿಕ್ಕರು,
ಉಗುರಿನಿಂದ ಕೆರದು ಅರ್ಧಕ್ಕ ಬಿಟ್ಟಾರ.

ಮಾಲಕ ಕಾಡಪ್ಪ ಜಿಡ್ಡಿಮನಿ
ಪೆಟ್ಟಿಗಿ ಎಣಿಸೂದ ನೋಡಬೇಕು ನೀವು.
ಹೋದ ವರ್ಷ ಶ್ರಾವಣದಾಗ ಮೂರ ಬಂದವು.
'ಒಯ್ದಾವ್ರು ಸುಖದಿಂದ ಇಟಗೊಂಡಾರ್ರಿ' ಅಂತ ನಾ ನಕ್ಕೆ.
ಅಂವ ಗದ್ದಕ್ಕ ಕೈ ಹಚ್ಚಿ ಕುಂತ:
'ಹುಚ್ಚಾ, ಒಯ್ದಾವ್ರ ಇಲ್ಲ.
ಉಂಡಾವ್ರು ಇದ್ರ ಹಿತ್ತಲದಾಗ ಎಂಜಲೆಲಿ ಬೀಳತಾವು.
ಎಲಿ ಇಲ್ಲಂದ್ರ
ಪಂಗತಿನ ಕುಂತಿಲ್ಲ ಅಂತ ತಿಳಿ.'

ಆ ಮಾತು ನಂಬಿದ್ದೆ,
ತಮದಡ್ಡಿಯ ರುದ್ರವ್ವ ಉಳ್ಳಾಗಡ್ಡಿ ಬರೂಮಟ.

ಸೆರಗಿನ ನಮೂನಿ ತೆಗಿಯಾಕಿ ಆಕಿ.
ಅಪ್ಪ ಚೌಕಳಿ ಹಾಳಿ ಮ್ಯಾಲ ಕೆಂಪು ಪೆನ್ಸಿಲ್ಲಿನಿಂದ
ಮನಿ ಮನಿ ತುಂಬತಿದ್ದ; ಈಕಿ ಪರದೆ ಮ್ಯಾಲ.
ಒಯ್ದ ಆರನೇ ದಿನ ಆಟೋದಾಗ ಬಂದ್ಲು,
ಹಳೆ ಸೀರ್ಯಾಗ ಗಂಟು ಕಟ್ಟಿದ ಮಷಿನ್ನು ತೊಡಿ ಮ್ಯಾಲ.
ಏಳು ದಿನ ವಾಯಿದೆ. ಒಂದು ದಿನ ಉಳಿಸಿದ್ಲು.

'ಏನ ತೊಂದ್ರೆವಾ?'
'ತೊಂದ್ರಿ ಇಲ್ಲೋ ತಮ್ಮಾ. ಮಷಿನ್ ಚಲೋ ಐತಿ.
ರಾತ್ರಿಯೆಲ್ಲಾ ಹಚ್ಚಿದ್ರೂ ತಡವರಿಸಲಿಲ್ಲ.
ಸೊಲ್ಲಾಪುರದ ಸಾವಕಾರ ಆರ್ಡರ್ ನಿಲ್ಲಿಸಿದ.
ಅಂವಗೂ ನೂರಾ ಇಪ್ಪತ್ತು ಸೀರಿ ವಾಪಸ್ ಬಂದಾವಂತ.'

ಸೀರಿ ಯಾರು ಹೊಳ್ಳಿ ಕೊಟ್ಟಿರಬೇಕು?
ಅವರಿಗೆ ಯಾರು ಏನು ಹೊಳ್ಳಿ ಕೊಟ್ಟರು?
ಕೇಳಲಿಲ್ಲ. ಚಾ ತರಿಸಿದೆ. ಕುಡಿದು ಹೋದ್ಲು.

ಮುಂಬೈದಾವರ ಫಾರ್ಮಿನ್ಯಾಗ ಕಾರಣ ಐದ ಐದು:
ಕೆಟ್ಟೈತಿ, ಒಡದೈತಿ, ತಪ್ಪು ಮಾಲು,
ಮನಸ್ಸು ಬದಲಾತು, ಇತರೆ.
ಒಂದು ಒತ್ತದ ಮುಂದ ಹೋಗಂಗಿಲ್ಲ.
'ಮನಸ್ಸು ಬದಲಾತು ಅಂತ ಒತ್ತು, ಬಾಗಲಾ ಹಾಕೂನು'
ಅಂದ ಕಾಡಪ್ಪ, ಕೀಲಿ ಕೈಯಾಗ ಹಿಡದು.

ಆಕಿ ಮನಸ್ಸು ಆ ಡಿಸ್ಕಿನ್ಯಾಗ ಹಂಗ ಇತ್ತು:
ಸೆರಗಿನ ಅಂಚಿಗುಂಟ ಗಿಣಿ ಸಾಲು,
ಹದಿನಾರು ಪೂರಾ,
ಹದಿನೇಳನೇದಕ್ಕ ಕೊಕ್ಕು ಮಾತ್ರ.

ಇತರೆ ಒತ್ತಿದೆ.
ಕೆಳಗ ನಲವತ್ತು ಅಕ್ಷರಕ್ಕ ಜಾಗ.
'ಮಷಿನ್ ಚಲೋ ಐತಿ, ಕೆಲಸ ಬರಲಿಲ್ಲ' ಅಂತ ಬರದೆ.
ಅವರ ಪರದೆಗೆ ಕನ್ನಡ ಗೊತ್ತಿಲ್ಲ,
ಅಕ್ಷರಕ್ಕೊಂದು ಖಾಲಿ ಚೌಕ ಮೂಡಿತು,
ಸಾಲಾಗಿ, ಯಾರೂ ಇನ್ನೂ ತುಂಬದ
ರುದ್ರವ್ವನ ಅಪ್ಪನ ಹಾಳಿಯಂಗ.

ಡಿಸ್ಕ್ ಅಳಿಸೂದು ನಿಯಮ. ಅಳಿಸಿದೆ.
ನಾಲ್ಕು ತಾಸು ಹಿಡೀತು.
ಹಿಂದಿನ ಶೆಡ್ಡಿನ್ಯಾಗ ಆರು ಮಗ್ಗ ಅದಾವು;
ಕಿವಿಗೊಟ್ಟು ಎಣಿಸಿದೆ, ಎರಡು ನಡದಿದ್ದವು,
ನಡುರಾತ್ರಿಗೆ ಒಂದು.

ಅಳಿಸೂಕಿಂತ ಮೊದಲು ಗಿಣಿಗೋಳನ್ನ
ಪೆನ್ ಡ್ರೈವಿಗೆ ಹಾಕಿಕೊಂಡಿದ್ದೆ. ಕಾಡಪ್ಪಗ ಹೇಳಿಲ್ಲ.
ಎರಡು ಸಲ ಅಂಗಿ ಜೋಡಿ ಒಗ್ಯಾಣಕ್ಕ ಹೋಗಿ ಬಂದೈತಿ ಅದು,
ತಗದು ನೋಡಿದೆ, ಇನ್ನೂ ಅದಾವು.
ಆಕಿ ಇನ್ನೂ ಕೇಳಿಲ್ಲ.