ಐವತ್ತರ ಆಸುಪಾಸು

ಕಳ್ವಾದ ಈ ಕೋಣೆಗೆ ಕಿಟಕಿಯಿಲ್ಲ.
ಹೊತ್ತು ಮುಳುಗಿದ್ದು ನನಗೆ ತಿಳಿಯುವುದು
ಗೋಡೆಯ ಪರದೆಯ ಮೇಲೆ ಹಳದಿ ಗೆರೆ ಕುಸಿದಾಗ.
ಆರೂ ಕಾಲು. ಸೋಲಾಪುರದ ಫಲಕಗಳು ಮೊದಲು ಮಂಕಾಗುತ್ತವೆ,
ಧುಳೆಯವು ಆಮೇಲೆ.
ನಮ್ಮ ಅಕ್ಕಲಕೋಟೆ ಕಡೆಯ ಬಿಸಿಲು ಅದು,
ಹಗಲೆಲ್ಲ ಮೆಣಸಿನಕಾಯಿ ಒಣಗಿಸಿದ್ದು.

ಅಷ್ಟೊತ್ತಿಗೇ ಮುಂಬಯಿ ಮನೆಗೆ ಬರುತ್ತದೆ:
ಲೋಕಲ್ ಇಳಿದ ಬೆವರು, ಫ್ಯಾನಿನ ಸ್ವಿಚ್ಚು,
ಧಾರಾವಿಯ ಹೊಲಿಗೆ ಯಂತ್ರಗಳ ಎರಡನೇ ಪಾಳಿ,
ಗೋವಂಡಿಯಲ್ಲಿ ನಾಳೆಗೆ ಬಿಡಿಸಬೇಕಾದ ಯಾರದೋ ಲೆಕ್ಕ.
ಸಾತಾರದ ಗಾಳಿ ಇವತ್ತು ಬರುವೆನೆಂದಿತ್ತು.
ಬರಲಿಲ್ಲ. ಸಿಟ್ಟಾಗಿ ಏನು ಮಾಡಲಿ,
ಅದು ಯಾರ ನೌಕರಿಯಲ್ಲೂ ಇಲ್ಲ.

೪೯.೯೧. ೪೯.೮೬.
ಕೊಯ್ನಾಕ್ಕೆ ಫೋನು: ನೀರು ಬಿಡಿ.
ಚಂದ್ರಪುರಕ್ಕೆ ಫೋನು: ಇನ್ನಷ್ಟು ಉರಿಸಿ.
ಐವತ್ತಕ್ಕೆ ಮರಳಿ ತರಬೇಕು,
ತುಂಬಿದ ಕೊಡ ಹೊತ್ತವಳ ಕುತ್ತಿಗೆಯ ಹಾಗೆ.

ಮೇಜಿನ ಮೇಲೆ ಹೊಸ ಕಡತ: ಸಣ್ಣ ರಿಯಾಕ್ಟರುಗಳು,
ಮುಪ್ಪಾದ ಕಲ್ಲಿದ್ದಲು ಸ್ಥಾವರಗಳ ಜಾಗದಲ್ಲಿ,
ಬಿಸಿಲು ಗಾಳಿಗಳ ಜೊತೆಗೆ.
ಅಭಿಪ್ರಾಯ ಸೋಮವಾರದೊಳಗೆ.
ಓದುತ್ತ ಅಜ್ಜಿ ನೆನಪಾದಳು. ಮಲಗುವ ಮುಂಚೆ
ಕುಳ್ಳಿನ ಕೆಂಡದ ಮೇಲೆ ಬೂದಿ ಎಳೆಯುತ್ತಿದ್ದಳು;
ನಸುಕಿಗೆ ಊದಿದರೆ ಕೆಂಪು. ಪಕ್ಕದ ಮನೆಯವರೂ
ಹಂಚಿನ ಚೂರಲ್ಲಿ ಒಯ್ಯುತ್ತಿದ್ದರು.
ಬೇಕಾದದ್ದು ಅಷ್ಟೇ ಅಲ್ಲವೆ,
ಯಾರಿಗೂ ಎಚ್ಚರವಿಲ್ಲದಾಗ ಆರದ ಒಂದು ಹಿಡಿ?

ಗಾವಂಡನಿಗೆ ಹೇಳಿದೆ. ಟ್ರಾಂಬೆ ಕೋಳಿವಾಡದವನು.
ಅಣುಸ್ಥಾವರದ ಗುಮ್ಮಟ ನೋಡಿಯೇ ಅವನಪ್ಪ
ಮಂಜಿನಲ್ಲಿ ದಂಡೆಯ ದಿಕ್ಕು ಹಿಡಿಯುತ್ತಿದ್ದನಂತೆ.
"ಭಯವೇ?" ಅಂದೆ.
"ಗುಮ್ಮಟಕ್ಕೆ ಯಾರು ಅಂಜುತ್ತಾರೆ ಬಾಯಿ?
ಬಲೆ ಒಣಗಿಸುವ ಜಾಗಕ್ಕೆ ಬೇಲಿ ಬಂತು.
ಅಪ್ಪ ಮೂರು ಅರ್ಜಿ ಬರೆಸಿದ. ಉತ್ತರ ಇನ್ನೂ ಬರಬೇಕು."
ಬಿಸ್ಕತ್ತು ಚಹಾದಲ್ಲಿ ಅದ್ದಿ, ಅದು ಮುರಿದು ಬಿದ್ದು,
ಚಮಚೆಯಿಂದ ಎತ್ತುತ್ತ ಕೇಳಿದ:
"ಅಜ್ಜಿಯ ಬೂದಿ ಏನಾಗುತ್ತಿತ್ತು?"

"ಪಾತ್ರೆ ತಿಕ್ಕುತ್ತಿದ್ದೆವು" ಎಂದೆ.
ಎಂದವಳು ಸುಮ್ಮನಾದೆ.

ಕಡತದಲ್ಲಿ "ಬೇಕು" ಎಂದು ಬರೆದೆ. ಸುಳ್ಳಲ್ಲ,
ಹೊಗೆ ಕುಡಿಯುವ ಊರುಗಳಿಗೂ ದಿನಾ ನನ್ನದೇ ಫೋನು.
ಎರಡು ಸಾಲು ಬಿಟ್ಟು ಕೆಳಗೆ:
ಬೂದಿ ಎಲ್ಲಿ? ಎಷ್ಟು ತಲೆಮಾರು?
ಬೇಲಿ ಎಲ್ಲಿಂದ ಎಲ್ಲಿಗೆ? ಅಲ್ಲಿಯವರನ್ನು ಮೊದಲು ಕೇಳಿ.
ಮೇಲಧಿಕಾರಿ ಇದನ್ನು ಹೊಡೆದುಹಾಕಬಹುದು.
ಪೆನ್ನಿನಲ್ಲೇ ಬರೆದಿದ್ದೇನೆ.

೫೦.೦೨.
ನನಗೂ ಬರುವ ಶ್ರಾವಣಕ್ಕೆ ಐವತ್ತು.
ಗಾವಂಡ ಲೋಟ ತೊಳೆಯಲು ಹೋದ.
ರಾತ್ರಿ ಎರಡಕ್ಕೆ, ಎಲ್ಲರೂ ಮಲಗಿದ ಮೇಲೆ,
ಯಾರಿಗೂ ಬೇಡವಾದ ಹೊತ್ತಲ್ಲಿ
ಸಾತಾರದ ಗಾಳಿ ಬಂದೇ ಬಂತು.