ನಿರೀಕ್ಷೆ: ಒಂದು

ಪೈವಳಿಕೆಯ ಬೀಡಿ ಸೊಸೈಟಿಯ ಕಂಪ್ಯೂಟರಿಗೆ ಒಂದು ಮುಸುಕು ಉಂಟು,
ವನಜಾಕ್ಷಿಯವರ ಹಳೇ ಸೀರೆಯ ಸೆರಗಿನದ್ದು.
ಅದನ್ನು ತೆಗೆದು, ಕೀಲಿಗಳ ಸಂದಿಯ ಹೊಗೆಸೊಪ್ಪಿನ ಹುಡಿ ಊದಿ
"ನೋಡಿ" ಎಂದರು, "ಎಂಟು ದಿನದಿಂದ ಇದೇ ಮಾತು."

ಬೂದು ಪೆಟ್ಟಿಗೆ. ಎರಡೇ ವಾಕ್ಯ. ಇಂಗ್ಲಿಷು.
ನಮ್ಮಲ್ಲಿ ಹೇಳುವುದಾದರೆ:
ಕೊಟ್ಟದ್ದು ಸಾಲದು. ನಿರೀಕ್ಷೆ: ಒಂದು.

ಎಂತದು ಒಂದು? ಯಾರದು?
ಹೇಳುವುದಿಲ್ಲ. ಓಕೆ ಒತ್ತಿದರೆ ಹೋಗುತ್ತದೆ,
ಬೋನಸ್ಸಿನ ಪಟ್ಟಿ ಕೇಳಿದರೆ ಪುನಃ ಬಂದು
ಚಪ್ಪಲಿ ಕಳಚದೆ ಹೊಸ್ತಿಲಲ್ಲೇ ನಿಲ್ಲುತ್ತದೆ.

ತೊಂಬತ್ತೇಳರ ಸಾಫ್ಟ್‌ವೇರು. ಬರೆದವರು ಉಪ್ಪಳದಲ್ಲಿ
ಟೈಪಿಂಗ್ ಕಲಿಸುತ್ತಿದ್ದ ಒಬ್ಬರು; ಈಗ ಇಲ್ಲ.
ಅವರ ಪ್ರಶ್ನೆಗಳು ಮಾತ್ರ ಉಳಿದಿವೆ,
ಒಂದರ ಹೊಟ್ಟೆಯಲ್ಲಿ ಇನ್ನೊಂದು.

ಅಲ್ಪವಿರಾಮ ಎಣಿಸಿದೆ. ಆವರಣ ಮುಚ್ಚಿದೆಯೋ ನೋಡಿದೆ.
ಫ್ಲೇವಿ ಡಿ'ಸೋಜರ ಹೆಸರಿನ ಕೊಕ್ಕೆಯ ಮೇಲೆ ಸಂಶಯಪಟ್ಟೆ
(ಹಿಂದೊಮ್ಮೆ ಬಾಯಾರಿನಲ್ಲಿ ಅಂಥದ್ದೇ ಕೊಕ್ಕೆಗೆ
ಮೂರು ರಾತ್ರಿ ಸಿಕ್ಕಿಬಿದ್ದಿದ್ದೆ).
ಅಲ್ಲ, ಆಕೆಯದು ತಪ್ಪಿಲ್ಲ.
ಷರತ್ತುಗಳನ್ನು ಒಂದೊಂದೇ ಕಿತ್ತು ಓಡಿಸಿದೆ.
ಜಗಲಿಯಲ್ಲಿ ಹೆಂಗಸರು
ಗೆರಸೆಯ ಮೇಲೆ ಬೀಡಿ ಎಣಿಸುತ್ತಿದ್ದರು.
ಲೆಕ್ಕ ತಪ್ಪಿದರೆ ಪುನಃ ಒಂದರಿಂದ ಸುರು.
ನನ್ನದೂ.

ಕೊನೆಗೆ ಸಿಕ್ಕಿತು.
ಪ್ರಶ್ನೆಯಲ್ಲಿ ಬರೆದದ್ದು 'ಊರು'.
ಕೋಷ್ಟಕದಲ್ಲಿ 'ಊರು' ಇಲ್ಲ, 'ಸ್ಥಲಂ' ಉಂಟು.
ಲೆಕ್ಕ ನೋಡಲು ಕಾಞಂಗಾಡಿನಿಂದ ಬಂದ ಹುಡುಗ
ತನಗೆ ಗೊತ್ತಿದ್ದ ಶಬ್ದವನ್ನು ತಲೆಬರಹಕ್ಕೆ ಹಾಕಿ ಹೋಗಿದ್ದ,
ಪಾಪ, ಚಾ ಕೂಡ ಕುಡಿಯದೆ, ಕೊನೇ ಬಸ್ಸಿಗೆ.

ಯಂತ್ರಕ್ಕೆ ಸಿಟ್ಟಿಲ್ಲ ನೋಡಿ.
'ಊರು' ಅಂತ ಒಂದಿಲ್ಲ ಎಂದು ಅದು ಹೇಳಲೇ ಇಲ್ಲ.
ಗುರ್ತ ಸಿಗದ ಶಬ್ದವನ್ನು
ಯಾರೋ ಬಂದು ಹೇಳಲಿರುವ ಉತ್ತರವೆಂದು ತಿಳಿದು
ಎಂಟು ದಿನ ಕಾದಿದೆ.

"ಹಾಗಾದರೆ ಯಾವುದನ್ನು ಅಳಿಸುತ್ತೀರಿ?" ವನಜಾಕ್ಷಿ ಕೇಳಿದರು.
ಅಳಿಸಲಿಲ್ಲ. ಆ ಭಾಷೆಯಲ್ಲಿ ಎರಡಕ್ಷರದ ಒಂದು ಶಬ್ದ ಉಂಟು,
ಹೆಚ್ಚುಕಡಿಮೆ ನಮ್ಮ 'ಎಂದರೆ'ಯ ಹಾಗೆ.
ಸ್ಥಲಂ ಎಂದರೆ ಊರು. ಒತ್ತಿದೆ.

ಹಳೇ ಪ್ರಿಂಟರು ಕರಕರ ಎಂದು ಕಾಗದ ಬಿಟ್ಟಿತು.
ವನಜಾಕ್ಷಿ ಬಾಗಿಲಿಗೆ ಹೋಗಿ ಗಟ್ಟಿಯಾಗಿ ಓದಿದರು:
ಅವ್ವಮ್ಮ, ಕುರುಡಪದವು.
ಫ್ಲೇವಿ ಡಿ'ಸೋಜ, ಬೇಕೂರು.
ಚೋಮು, ಚಿಪ್ಪಾರು.

"ಚಿಪ್ಪಾರು ಗಂಡನದ್ದು," ಚೋಮು ತಲೆಯೆತ್ತದೆ ಅಂದಳು,
ನೂಲು ಹಲ್ಲಲ್ಲಿ ಕಚ್ಚಿಕೊಂಡು.
"ನನ್ನ ಊರು ವರ್ಕಾಡಿ. ಅದನ್ನೂ ಬರೆಯಲಿಕ್ಕೆ ಆಗುತ್ತದಾ?"

ನೋಡಿದೆ.
ಜಾಗ ಉಂಟು. ಒಂದಕ್ಕೆ.